ಕಾಣದ ಕಣಗಳನ್ನು ನಂಬಿದವನು

ಮಳೆ ನಿಂತ ಸಂಜೆ ಹಲಸೂರು ಕೆರೆಯ ಬದಿಯ ರಸ್ತೆಯಲ್ಲಿ, ನಿಂತ ನೀರಿನ ಮೇಲೆ ಎಣ್ಣೆಯು ಬಣ್ಣಬಣ್ಣವಾಗಿ ಹರಡಿರುವುದನ್ನು ಕಂಡಾಗಲೆಲ್ಲ ನನಗೆ ಲುಡ್ವಿಗ್ ಬೋಲ್ಟ್ಸ್‌ಮನ್ನನ ನೆನಪಾಗುತ್ತದೆ. ಕನ್ನಡದ ಅಧ್ಯಾಪಕನಿಗೆ ಭೌತವಿಜ್ಞಾನಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಣ್ಣಿಗೆ ಕಾಣದುದನ್ನು ನಂಬಿ ಬಾಳಿದವನ ಕಥೆ ನಮಗೂ ಸೇರಿದ್ದೇ.

ಆತನು 1844ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದನು. ತೆರಿಗೆಯ ಅಧಿಕಾರಿಯಾಗಿದ್ದ ತಂದೆ, ಮಗನಿಗೆ 15 ವರ್ಷವಾಗಿದ್ದಾಗಲೇ ತೀರಿಕೊಂಡನು. 25ನೆಯ ವಯಸ್ಸಿಗೆ ಹುಡುಗ ಗ್ರಾಟ್ಸ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ! ಅಲ್ಲಿ ಹೆನ್ರಿಯೆಟ್ ಎಂಬ ತರುಣಿಗೆ, ಹೆಣ್ಣೆಂಬ ಕಾರಣಕ್ಕೆ ತರಗತಿಯ ಬಾಗಿಲು ಮುಚ್ಚಿದಾಗ, ಮೇಲ್ಮನವಿ ಸಲ್ಲಿಸುವಂತೆ ಧೈರ್ಯ ತುಂಬಿದವನು ಆತ. 1876ರಲ್ಲಿ ಆಕೆಯನ್ನೇ ವರಿಸಿದನು.

1872ರಲ್ಲಿ ಆತನು ತನ್ನ ಹೆಸರಿನ ಸಮೀಕರಣವನ್ನು ಪ್ರಕಟಿಸಿದನು. ಅನಿಲವೆಂದರೆ ಅಸಂಖ್ಯ ಕಣಗಳ ಓಡಾಟ. ಒಂದೊಂದರ ಹಿಂದೆಯೂ ನಾವು ಓಡಬೇಕಾಗಿಲ್ಲ. ಎಲ್ಲಿ, ಯಾವ ವೇಗದಲ್ಲಿ ಎಷ್ಟು ಕಣಗಳಿವೆ, ಡಿಕ್ಕಿಗಳಿಂದ ಆ ಲೆಕ್ಕ ಹೇಗೆ ಬದಲಾಗುತ್ತದೆ ಎಂದು ತಿಳಿದರೆ ಸಾಕು. ಜಾತ್ರೆಯಲ್ಲಿ ಒಬ್ಬೊಬ್ಬನ ಹೆಜ್ಜೆ ಗೊತ್ತಿಲ್ಲದಿದ್ದರೂ ಜನಸಂದಣಿ ಎತ್ತ ಸಾಗುತ್ತಿದೆಯೆಂದು ಹೇಳಬಲ್ಲೆವಲ್ಲವೆ?

ಆದರೆ ಕಣಗಳೇ ಇಲ್ಲವೆಂದರೆ? ಎರ್ನ್‌ಸ್ಟ್ ಮಾಖ್‌ನಂತಹ ಘನ ವಿದ್ವಾಂಸನು ಪರಮಾಣುವನ್ನು ಒಪ್ಪಲಿಲ್ಲ. ವಾದಗಳು ಬೆಳೆದವು. 1889ರಲ್ಲಿ ಹಿರಿಯ ಮಗನು ತೀರಿಕೊಂಡನು. ಗ್ರಾಟ್ಸ್, ಮ್ಯೂನಿಕ್, ವಿಯೆನ್ನಾ, ಲೈಪ್‌ಜಿಗ್, ಮತ್ತೆ ವಿಯೆನ್ನಾ. ಎಲ್ಲಿಯೂ ಮನಸ್ಸು ನೆಲೆ ನಿಲ್ಲಲಿಲ್ಲ. 1906ರ ಸೆಪ್ಟೆಂಬರ್ 5ರಂದು, ಕಡಲ ತೀರದ ದುಯಿನೋದಲ್ಲಿ ಆತನು ತನ್ನ ಜೀವವನ್ನು ತಾನೇ ಕಳೆದುಕೊಂಡನು. ವಿರೋಧಿಗಳೇ ಆತನನ್ನು ಕೊಂದರೆಂಬ ಮಾತು ಪ್ರಚಾರದಲ್ಲಿದೆ, ನಾನು ಒಪ್ಪಲಾರೆ. ಮಂಜಾದ ಕಣ್ಣು, ಉಬ್ಬಸ, ಮತ್ತೆ ಮತ್ತೆ ಕವಿಯುತ್ತಿದ್ದ ಖಿನ್ನತೆ, ಇವನ್ನು ಮರೆತು ಹೇಳುವ ಕಥೆ ಅರ್ಧಸತ್ಯ. ಪರಮಾಣುವಿನ ಪರವಾದ ಐನ್‌ಸ್ಟೈನನ ಲೇಖನ ಹಿಂದಿನ ವರ್ಷವೇ ಬಂದಿತ್ತು. 1908ರಿಂದ ಪೆರ‍್ಯಾನನ ಪ್ರಯೋಗಗಳು ಅದನ್ನು ದೃಢಪಡಿಸತೊಡಗಿದವು.

ಮುಂದಿನದು ಗಣಕದ ಕಾಲ. ಚೌಕಾಬಾರದ ಮನೆಗಳಂತಹ ಜಾಲದ ಮೇಲೆ ಕಣಗಳನ್ನು ನಡೆಸಿ, ಡಿಕ್ಕಿ ಹೊಡೆಸಿ ದ್ರವದ ಹರಿವನ್ನು ಪಡೆಯುವ ಯತ್ನ 1973ರಲ್ಲಿ ನಡೆಯಿತು. ನಾಲ್ಕೇ ದಿಕ್ಕುಗಳ ಆ ಆಟದಲ್ಲಿ ಹರಿವು ನಿಜವಾದ ನೀರಿನಂತಿರಲಿಲ್ಲ. 1986ರಲ್ಲಿ ಫ್ರಿಶ್, ಹಾಸ್‌ಲಾಕರ್, ಪೊಮೋ ಎಂಬ ಮೂವರು ಪ್ರತಿ ಬಿಂದುವಿನಿಂದ ಆರು ದಾರಿಗಳನ್ನು ತೆರೆದರು. ನೀರಿನ ನಡೆ ಮೂಡಿತು. ಅದೇ ವರ್ಷ ನಮ್ಮ ಇಂದಿರಾನಗರದ ಪಕ್ಕದ ಕೋಡಿಹಳ್ಳಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು, ದ್ರವಗಳ ಹರಿವನ್ನು ಲೆಕ್ಕಹಾಕಲೆಂದೇ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕದ ಕೆಲಸಕ್ಕೆ ತೊಡಗಿತು. ಇಬ್ಬರ ಹಾದಿ ಬೇರೆ, ಹಂಬಲ ಒಂದೇ.

1988ರಲ್ಲಿ ರಾತ್‌ಮನ್, ಕೆಲರ್ ಎಂಬವರು ಕಣಗಳಿಗೆ ಎರಡು ಬಣ್ಣ ಕೊಟ್ಟು, ಸಜಾತಿಯತ್ತ ಸರಿಯುವ ನಿಯಮವಿಟ್ಟರು. ಎಣ್ಣೆಯೂ ನೀರೂ ತಾವಾಗಿ ಬೇರೆಯಾದವು. ಬಿಡಿ ಕಣಗಳ ಎಣಿಕೆಯಲ್ಲಿ ಏರುಪೇರು ಬಹಳ. ಆದ್ದರಿಂದ ಅದೇ ವರ್ಷ ಕಣಗಳ ಬದಲು ಅವುಗಳ ಸರಾಸರಿಯನ್ನೇ ಜಾಲದ ಮೇಲೆ ನಡೆಸುವ ವಿಧಾನ ಬಂದಿತು. ಸರಾಸರಿಯ ಲೆಕ್ಕವೆಂದರೆ 1872ರ ಸಮೀಕರಣವೇ. ಹೊಸ ವಿಧಾನಕ್ಕೂ ಬೋಲ್ಟ್ಸ್‌ಮನ್ನನ ಹೆಸರೇ ನಿಂತಿತು. ರಕ್ತದ ಹರಿವನ್ನೂ, ಕಲ್ಲಿನ ರಂಧ್ರಗಳಲ್ಲಿ ಎಣ್ಣೆ ನುಸುಳುವುದನ್ನೂ ಇಂದು ಹೀಗೆ ಲೆಕ್ಕಹಾಕುತ್ತಾರೆ.