ಬೂದಿಕೋಟೆ ಮೊಮ್ಮಗನ ಹೆಂಡದ ಕಾನೂನು

ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದೂರು ಅನ್ನೋದು ಈ ಕಡೆಯ ಶಾಲೆ ಹುಡುಗರಿಗೂ ಗೊತ್ತು. ಅವನ ಅಪ್ಪ ಫತೇ ಮಹಮ್ಮದ್ ಸಿರಾ ನವಾಬನ ಕೈಕೆಳಗೆ ಇಲ್ಲಿ ಫೌಜುದಾರನಾಗಿದ್ದ. 1720ರ ಸುಮಾರಿಗೆ ಇಲ್ಲಿ ಹುಟ್ಟಿದ ಮಗ ಓದು ಬರಹ ಕಲಿಯಲಿಲ್ಲ. ಕತ್ತಿ, ಕುದುರೆ ನಂಬಿಕೊಂಡು ಹೊರಟವನು ಇಡೀ ಮೈಸೂರನ್ನೇ ಆಳಿದ. ಅವನ ಮಗ ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಹೀಗಾಗಿ ಬೂದಿಕೋಟೆಗೆ ಟಿಪ್ಪು ಮೊಮ್ಮಗನ ಲೆಕ್ಕ.

ಹೈದರ್ 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ದಂಡಿನಲ್ಲೇ ಸತ್ತ. ಮಗ ದೂರದ ಮಲಬಾರಿನಲ್ಲಿದ್ದ. ಸುದ್ದಿ ಹಬ್ಬಿದರೆ ದಂಡು ಚದುರೀತು ಎಂದು ಸಾವನ್ನೇ ಮುಚ್ಚಿಟ್ಟರು. ಖಜಾನೆಯ ಪೆಟ್ಟಿಗೆ ಸಾಗಿಸುವ ಹಾಗೆ ಹೆಣವನ್ನು ಕೋಲಾರಕ್ಕೆ ಸಾಗಿಸಿ ಫತೇ ಮಹಮ್ಮದನ ಗೋರಿಯ ಹತ್ತಿರ ಇರಿಸಿದರು. ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. ಆಸ್ಥಾನದವರ ಉಪಾಯ ಫಲಿಸಿತು. ಟಿಪ್ಪು ಬಂದು ದಂಡು, ಪಟ್ಟ ಎರಡನ್ನೂ ವಹಿಸಿಕೊಂಡ.

ಟಿಪ್ಪುವಿನ ಯುದ್ಧಗಳ ಕತೆ ಎಲ್ಲರ ಬಾಯಲ್ಲೂ ಇದೆ, ಹೆಂಡದ ಕತೆ ಅಷ್ಟಿಲ್ಲ. ಈ ಸುಲ್ತಾನ ತನ್ನ ರಾಜ್ಯದಲ್ಲಿ ಅಮಲು ಪದಾರ್ಥಗಳನ್ನೇ ನಿಷೇಧಿಸಿದ. ಹೆಂಡ, ಸಾರಾಯಿಯಿಂದ ಖಜಾನೆಗೆ ಬರುತ್ತಿದ್ದ ಸುಂಕಕ್ಕೆ ಎಳ್ಳುನೀರು ಬಿಟ್ಟ. ಅಂಗಡಿ ಮುಚ್ಚಿಸಿ ಸುಮ್ಮನಾಗುವ ದೊರೆ ಅವನಲ್ಲ. ಅಫೀಮಿನ ಬಿಳಿ ಗಸಗಸೆ ಗಿಡ, ಭಂಗಿ ಗಿಡ ಮನೆ ಹಿತ್ತಿಲಲ್ಲಿದ್ದರೂ ಕಿತ್ತುಹಾಕಬೇಕೆಂದು ಹುಕುಂ ಮಾಡಿದ. ಟಿಪ್ಪುವನ್ನು ಕಂಡರಾಗದ ಇಂಗ್ಲಿಷ್ ಅಧಿಕಾರಿ ವಿಲ್ಕ್ಸ್ ಬರೆದ ಮೈಸೂರು ಚರಿತ್ರೆಯಲ್ಲೂ ಇದು ದಾಖಲಾಗಿದೆ.

ಆದರೂ ಒಂದು ಸಂದಿ ಉಳಿದಿತ್ತು ನೋಡಿ. ಅವನ ನೌಕರಿಯಲ್ಲಿದ್ದ ಫ್ರೆಂಚ್ ಸಿಪಾಯಿಗಳಿಗೆ ಅವರ ಬಿಡಾರದಲ್ಲಿ ಮದ್ಯಕ್ಕೆ ಅಪ್ಪಣೆ ಕೊಟ್ಟಿದ್ದ. ಪರದೇಶಿ ಗಂಟಲಿಗೊಂದು ಕಾನೂನು, ಈಚಲ ಮರ ಹತ್ತುವವನ ಗಂಟಲಿಗೆ ಇನ್ನೊಂದು! ಯುದ್ಧಕ್ಕೆ ಅವರು ಬೇಕಾಗಿದ್ದರು, ಅಷ್ಟೇ.

1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಕೈಬಿಟ್ಟಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಬೇಕಾಯಿತು. ಇಬ್ಬರು ಗಂಡುಮಕ್ಕಳನ್ನು ಒತ್ತೆ ಕೊಡಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯೊಳಗೇ ಕಾದಾಡುತ್ತಾ ಬಿದ್ದ. ಅವನ ಕಾನೂನೂ ಅವನ ಹಿಂದೆಯೇ ಹೋಯಿತು. ಅಬಕಾರಿ ಮತ್ತೆ ಸರ್ಕಾರದ ಆದಾಯವಾಯಿತು, ಹೆಂಡ ಸಾರಾಯಿ ಗುತ್ತಿಗೆಗೆ ಬಿದ್ದವು. 1880ರ ದಶಕದಲ್ಲಿ ಬೂದಿಕೋಟೆಗೆ ಕೂಗಳತೆಯಲ್ಲೇ ಅನ್ನುವ ಹಾಗೆ ಚಿನ್ನದ ಗಣಿ ಬೆಳೆಯತೊಡಗಿದಾಗ, ಭೂಮಿಯೊಳಗಿಂದ ಮೈಕೈ ನೋವು ಹೊತ್ತು ಮೇಲೆ ಬರುತ್ತಿದ್ದ ಕೂಲಿಯವನಿಗೆ ಗಡಂಗು ಕಾದಿರುತ್ತಿತ್ತು.

ಈಗ ಚಲಾವಣೆಯಲ್ಲಿರೋದು 1965ರ ಅಬಕಾರಿ ಕಾಯ್ದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮಾರೋಕಲ್ಲ ಸ್ವಾಮಿ, ಮನೆ ಮಟ್ಟಿಗೆ ಅಂದರೂ ನಡೆಯೋದಿಲ್ಲ. ಭಟ್ಟಿ ಇಳಿಸುವ ಸಾಮಾನು ಇಟ್ಟುಕೊಂಡಿದ್ದರೂ ಕೇಸು. ಅಡುಗೆಮನೆಯ ಮಡಕೆಯಲ್ಲಿ ಬೆಲ್ಲದ ಕೊಳೆ ಸಿಕ್ಕರೆ ಅದನ್ನು ಚೆಲ್ಲಿ, ಆಳನ್ನು ಕರೆದೊಯ್ಯುತ್ತಾರೆ. ಅದೇ ಬೀದಿಯ ತುದಿಯಲ್ಲಿ ಲೈಸೆನ್ಸ್ ಪಡೆದ ಅಂಗಡಿ ಬೆಳಗ್ಗೆಯೇ ಬಾಗಿಲು ತೆರೆದಿರುತ್ತದೆ. ಟಿಪ್ಪು ಹಿತ್ತಿಲಿಗೆ ಕೈ ಹಾಕಿದಾಗ ತನ್ನ ಸುಂಕವನ್ನೂ ಬಿಟ್ಟಿದ್ದ. ಈಗಿನ ಸರ್ಕಾರಕ್ಕೆ ಅಬಕಾರಿಯಿಂದ ವರ್ಷಕ್ಕೆ ಸಾವಿರಾರು ಕೋಟಿ ಬರುತ್ತದೆ.

ಹಾಗಂತ ಕಳ್ಳಭಟ್ಟಿಯನ್ನು ಸಮರ್ಥಿಸೋಕೂ ಆಗೋದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅಗ್ಗದ ಪ್ಯಾಕೆಟ್ಟಿಗೆ ಒಗ್ಗಿದ ಕೂಲಿಯವನಿಗೆ ಅಂಗಡಿಯ ಬಾಟಲಿ ದುಬಾರಿಯಾಯಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಜಿಲ್ಲೆ ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ಕಳ್ಳ ಸಾರಾಯಿ ಕುಡಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದರಲ್ಲಿದ್ದದ್ದು ಕಾರ್ಖಾನೆಗಳಲ್ಲಿ ಬಳಸುವ ಮೀಥೈಲ್ ಆಲ್ಕೋಹಾಲ್. ಬಣ್ಣದಲ್ಲಿ ನೀರಿನಂತೆ, ವಾಸನೆಯಲ್ಲೂ ಮಾಮೂಲು ಸಾರಾಯಿಯಿಂದ ಬೇರೆ ಅಂತ ಗುರುತು ಹತ್ತೋದು ಕಷ್ಟ. ಹೊಟ್ಟೆಗೆ ಹೋದ ಮೇಲೆ ಕಣ್ಣು ಮಂಜಾಗುತ್ತದೆ. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆಂದು ಹೆದರಿ ಕೂತರೆ, ಜೀವ ಉಳಿಸುವ ಹೊತ್ತು ಅಲ್ಲೇ ಕಳೆದುಹೋಗುತ್ತದೆ.