ಟಿಮ್ ಹಾರ್ಟನ್: ಹಾಕಿ ಆಟಗಾರ, ಅರ್ಧ ಪಾಲಿನ ಮಾಲೀಕ

ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಪಾಲುದಾರನ ಮರಣ ಎಂಬ ಅಧ್ಯಾಯವಿದೆ. ಎ, ಬಿ, ಸಿ ಎಂಬ ಮೂವರು ಪಾಲುದಾರರು. ಬಿ ತೀರಿಕೊಳ್ಳುತ್ತಾನೆ. ಅವನ ಬಂಡವಾಳ, ಬಡ್ಡಿ, ಗುಡ್‌ವಿಲ್‌ನಲ್ಲಿ ಪಾಲು, ಸತ್ತ ದಿನದವರೆಗಿನ ಲಾಭ ಎಲ್ಲವನ್ನೂ ಸೇರಿಸಿ ವಾರಸುದಾರರ ಖಾತೆಗೆ ವರ್ಗಾಯಿಸಬೇಕು. ಆ ಬಿ ಯಾರು, ಅವನ ಮನೆಯವರು ಆ ಹಣ ತೆಗೆದುಕೊಂಡ ಮೇಲೆ ಏನಾದರು ಎಂದು ಪುಸ್ತಕ ಹೇಳುವುದಿಲ್ಲ. ಲೆಕ್ಕ ತಾಳೆಯಾದರೆ ಅಂಕ ಸಿಗುತ್ತದೆ, ಅಷ್ಟೇ. ನನಗೆ ಒಬ್ಬ ನಿಜವಾದ ಬಿ ಸಿಕ್ಕಿದ್ದಾರೆ. ಕೆನಡಾ ದೇಶದವರು, ಐಸ್ ಹಾಕಿಯ ದೊಡ್ಡ ಆಟಗಾರರು, ತೀರಿಕೊಂಡು ಐವತ್ತು ವರ್ಷ ದಾಟಿದೆ. ಅವರ ಹೆಸರಿನ ಕಾಫಿ ಅಂಗಡಿಗಳು 2022ರಲ್ಲಿ ದೆಹಲಿಗೂ ಬಂದವು. ಟಿಮ್ ಹಾರ್ಟನ್ಸ್ ಎಂಬ ಬೋರ್ಡು ನೋಡಿದವರಲ್ಲಿ ಹೆಚ್ಚಿನವರು ಅದೊಂದು ಕಂಪನಿಯ ಹೆಸರು ಎಂದೇ ತಿಳಿದಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ.

ಹಾರ್ಟನ್ ಹುಟ್ಟಿದ್ದು 1930ರ ಜನವರಿ 12ರಂದು, ಒಂಟಾರಿಯೊ ಪ್ರಾಂತ್ಯದ ಉತ್ತರದಲ್ಲಿರುವ ಕೊಕ್ರೇನ್ ಎಂಬ ಚಿಕ್ಕ ಊರಿನಲ್ಲಿ. ತಂದೆ ರೈಲ್ವೆಯಲ್ಲಿ ಮೆಕ್ಯಾನಿಕ್. ದಾಖಲೆಯಲ್ಲಿ ಬರೆಸಿದ ಹೆಸರು ಮೈಲ್ಸ್ ಗಿಲ್ಬರ್ಟ್. ಆದರೆ ತಾಯಿಗೆ ಟಿಮ್ ಎಂಬ ಹೆಸರೇ ಇಷ್ಟವಿತ್ತು, ಕೊನೆಗೆ ಅದೇ ನಿಂತಿತು. ಮುಂದೆ ಸಾವಿರಾರು ಅಂಗಡಿಗಳ ಮೇಲೆ ಬಂದದ್ದು ತಾಯಿ ಇಟ್ಟ ಹೆಸರು. ಗಣಿಗಾರಿಕೆಯ ಊರುಗಳಲ್ಲಿ ಬೆಳೆದ ಹುಡುಗ ಆಟದ ಬಲದಿಂದಲೇ ಟೊರೊಂಟೊ ನಗರದ ಸೇಂಟ್ ಮೈಕಲ್ಸ್ ಶಾಲೆಗೆ ಸೇರಿದರು.

ಐಸ್ ಹಾಕಿಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಮೇಲೂರಿನಲ್ಲಿ ನಾವು ಐಸ್ ನೋಡುವುದು ಕ್ಯಾಂಡಿ ಮಾರುವವರ ಡಬ್ಬಿಯಲ್ಲಿ ಮಾತ್ರ. ಅಂಗಳ ಪೂರ್ತಿ ಮಂಜುಗಡ್ಡೆ, 200 ಅಡಿ ಉದ್ದ, 85 ಅಡಿ ಅಗಲ. ಸುತ್ತಲೂ ಗೋಡೆಯಂತೆ ಹಲಗೆ. ಒಂದು ತಂಡದಿಂದ ಒಮ್ಮೆಗೆ ಆರು ಜನ, ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಇಪ್ಪತ್ತು ನಿಮಿಷದ ಮೂರು ಅವಧಿ. ಆ ಆರು ಜನರಲ್ಲಿ ಇಬ್ಬರು ರಕ್ಷಣಾ ಆಟಗಾರರು. ವೇಗವಾಗಿ ನುಗ್ಗಿ ಬರುವ ಎದುರಾಳಿಯನ್ನು ಮೈಯಿಂದ ಅಡ್ಡಗಟ್ಟುವುದು, ಹಾರಿ ಬರುವ ಪಕ್ಕನ್ನು ಗೋಲಿನ ಮುಂದೆ ತಡೆಯುವುದು, ಸಿಕ್ಕಿದ ಪಕ್ಕನ್ನು ತಮ್ಮವರಿಗೆ ದಾಟಿಸುವುದು ಇವರ ಕೆಲಸ. ಗೋಲು ಹೊಡೆದವರ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ. ಆಗದೇ ಹೋದ ಗೋಲಿಗೆ ಲೆಕ್ಕದ ಪುಸ್ತಕದಲ್ಲಿ ಕಾಲಂ ಇಲ್ಲ. ಹಾರ್ಟನ್ ಜೀವನಪೂರ್ತಿ ಮಾಡಿದ್ದು ಈ ಕೆಲಸ.

1949ರಲ್ಲಿ ಅವರು ವೃತ್ತಿ ಆಟಗಾರರಾದರು. ಆದರೆ ನೇರವಾಗಿ ಮೇಲಿನ ಲೀಗಿಗೆ ಹೋಗಲಿಲ್ಲ. ಟೊರೊಂಟೊ ಮೇಪಲ್ ಲೀಫ್ಸ್ ತಂಡದವರು ಅವರನ್ನು ಕೆಳಗಿನ ಲೀಗಿನ ಪಿಟ್ಸ್‌ಬರ್ಗ್ ಹಾರ್ನೆಟ್ಸ್ ತಂಡದಲ್ಲಿ ಪಳಗಲು ಬಿಟ್ಟರು. ಅಲ್ಲಿ ಮೂರು ವರ್ಷ. ಮಂಜಿನ ಮೇಲೆ ನೃತ್ಯ ಪ್ರದರ್ಶನ ಕೊಡುತ್ತಿದ್ದ ಲೋರಿ ಎಂಬ ಹುಡುಗಿಯ ಪರಿಚಯವಾಗಿ 1952ರಲ್ಲಿ ಮದುವೆಯಾದರು. ಅದೇ ವರ್ಷ ಮೇಪಲ್ ಲೀಫ್ಸ್ ತಂಡದಲ್ಲಿ ಕಾಯಂ ಸ್ಥಾನ ಸಿಕ್ಕಿತು.

1955ರ ಮಾರ್ಚ್ 12ರಂದು ನ್ಯೂಯಾರ್ಕ್ ರೇಂಜರ್ಸ್ ತಂಡದ ಬಿಲ್ ಗ್ಯಾಡ್ಸ್‌ಬಿ ಎಂಬ ಮತ್ತೊಬ್ಬ ರಕ್ಷಣಾ ಆಟಗಾರ ಅವರನ್ನು ಎದುರಿನಿಂದ ಗುದ್ದಿದರು. ಕಾಲಿನ ಮೂಳೆ ಮುರಿಯಿತು, ದವಡೆ ಮುರಿಯಿತು. ಆಟದ ನಿಯಮದೊಳಗೇ ಆದ ಗುದ್ದು ಅದು. ಮುಂದಿನ ವರ್ಷದ ಬಹುಭಾಗ ಆಡಲಾಗಲಿಲ್ಲ. ಆ ಕಾಲದಲ್ಲಿ ಇಡೀ ಲೀಗಿನಲ್ಲಿ ಇದ್ದದ್ದು ಆರೇ ತಂಡ. ಒಬ್ಬರು ಮಲಗಿದರೆ ಆ ಜಾಗಕ್ಕೆ ಕಾಯುತ್ತಿದ್ದವರು ಬಹಳ ಮಂದಿ. ಎಷ್ಟೋ ಆಟಗಾರರ ಕತೆ ಇಂಥ ಪೆಟ್ಟಿನಲ್ಲೇ ಮುಗಿದಿದೆ.

ಹಾರ್ಟನ್ ಎದ್ದು ಬಂದರು. ನನಗೆ ಅವರ ಬದುಕಿನಲ್ಲಿ ಹೆಚ್ಚು ಹಿಡಿಸಿದ್ದು ಮುಂದಿನ ಅಂಕಿ. 1961ರ ಫೆಬ್ರವರಿ 11ರಿಂದ 1968ರ ಫೆಬ್ರವರಿ 4ರವರೆಗೆ ಲೀಗಿನ 486 ಪಂದ್ಯಗಳನ್ನು ಒಂದನ್ನೂ ಬಿಡದೆ ಆಡಿದರು. ಸುಮಾರು ಏಳು ವರ್ಷ, ಮೈ ಒಡ್ಡುವುದೇ ಕೆಲಸವಾಗಿರುವ ಜಾಗದಲ್ಲಿ! (ನಮ್ಮ ತರಗತಿಯ ಹಾಜರಿ ಪುಸ್ತಕದ ಬಗ್ಗೆ ಇಲ್ಲಿ ಹೇಳದಿರುವುದೇ ಒಳ್ಳೆಯದು.) ರಕ್ಷಣಾ ಆಟಗಾರರಲ್ಲಿ ಆ ದಾಖಲೆಯನ್ನು 2007ರವರೆಗೆ ಯಾರೂ ಮುರಿಯಲಿಲ್ಲ. ಅಂಥವರಿಗೆ ದೃಷ್ಟಿದೋಷವಿತ್ತು, ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಹೊರಗೆ ದಪ್ಪ ಕನ್ನಡಕ ಹಾಕುತ್ತಿದ್ದರು.

ಅವರ ಕಾಲದ ಅತ್ಯಂತ ಬಲಶಾಲಿ ಆಟಗಾರ ಎಂದು ಹೆಸರಾಗಿದ್ದರು. ಐಸ್ ಹಾಕಿಯಲ್ಲಿ ಕೈಕೈ ಮಿಲಾಯಿಸುವುದು ಮಾಮೂಲು. ಹಾರ್ಟನ್ ಮಾತ್ರ ಹೊಡೆಯುವ ಬದಲು ಜಗಳಕ್ಕೆ ಬಂದವನನ್ನು ಎರಡು ತೋಳಲ್ಲಿ ಬಿಗಿಯಾಗಿ ಅಪ್ಪಿ ಹಿಡಿದುಬಿಡುತ್ತಿದ್ದರು. ಸಿಟ್ಟು ಇಳಿಯುವವರೆಗೆ ಬಿಡುತ್ತಿರಲಿಲ್ಲ. ಕರಡಿಯ ಅಪ್ಪುಗೆ ಎಂದೇ ಅದಕ್ಕೆ ಹೆಸರಾಯಿತು.

ಮೇಪಲ್ ಲೀಫ್ಸ್ 1962, 1963, 1964ರಲ್ಲಿ ಸತತ ಮೂರು ಬಾರಿ ಸ್ಟಾನ್ಲಿ ಕಪ್ ಗೆದ್ದಿತು. ಮತ್ತೆ 1967ರಲ್ಲಿ, ವಯಸ್ಸಾದವರೇ ತುಂಬಿದ್ದ ತಂಡ ಮಾಂಟ್ರಿಯಲ್ ತಂಡವನ್ನು ಸೋಲಿಸಿತು. ಹಾರ್ಟನ್‌ಗೆ ಆಗ 37. ಟೊರೊಂಟೊದವರು ಅಂದಿನಿಂದ ಇನ್ನೊಂದು ಕಪ್ಪಿಗೆ ಕಾಯುತ್ತಲೇ ಇದ್ದಾರೆ. ಲೀಗಿನ ಮೊದಲ ದರ್ಜೆಯ ಆಲ್‌ಸ್ಟಾರ್ ತಂಡಕ್ಕೆ ಅವರು ಮೂರು ಸಲ ಆಯ್ಕೆಯಾದರು. 1964ರಲ್ಲಿ ಒಮ್ಮೆ, ಇನ್ನೆರಡು ಸಲ 1968 ಮತ್ತು 1969ರಲ್ಲಿ, ಅಂದರೆ ಬೇರೆಯವರು ನಿವೃತ್ತಿಯಾಗಿ ಮನೆ ಸೇರುವ ವಯಸ್ಸಿನಲ್ಲಿ.

ಇನ್ನು ವ್ಯಾಪಾರದ ವಿಷಯ. ಆಗಿನ ಆಟಗಾರರಿಗೆ ಈಗಿನಂತೆ ಕೋಟಿಗಳ ಸಂಬಳ ಇರಲಿಲ್ಲ, ಆಟ ನಿಂತರೆ ಆದಾಯವೂ ನಿಲ್ಲುತ್ತಿತ್ತು. ಮನೆಯಲ್ಲಿ ನಾಲ್ವರು ಹೆಣ್ಣುಮಕ್ಕಳು. ಹಾರ್ಟನ್ ಕಾರು ಮಾರಿದರು, ಹ್ಯಾಂಬರ್ಗರ್ ಹೋಟೆಲು ತೆರೆದರು, ಅದರಲ್ಲಿ ನಷ್ಟವಾಯಿತು. ಜಿಮ್ ಶರಾಡ್ ಎಂಬವರ ಜೊತೆ ಸೇರಿ 1964ರಲ್ಲಿ ಹ್ಯಾಮಿಲ್ಟನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ ಡೋನಟ್ ಅಂಗಡಿ ತೆರೆದರು. ಡೋನಟ್ ಎಂದರೆ ನಮ್ಮ ಉದ್ದಿನ ವಡೆಯ ಆಕಾರದ, ಮೈದಾದ ಸಿಹಿ ತಿಂಡಿ. ಮರುವರ್ಷ ಆ ಅಂಗಡಿಯನ್ನು ಫ್ರಾಂಚೈಸಿಯಾಗಿ ವಹಿಸಿಕೊಂಡವರು ರಾನ್ ಜಾಯ್ಸ್, ಹಿಂದೆ ಅದೇ ಊರಿನ ಪೊಲೀಸ್. ಅಂಗಡಿ ಚೆನ್ನಾಗಿ ನಡೆಯಿತು. 1967ರಲ್ಲಿ ಜಾಯ್ಸ್ ಸಮಪಾಲಿನ ಮಾಲೀಕರಾದರು.

ಕಾನೂನಿನ ಪ್ರಕಾರ ಅದು ಟಿಮ್ ಡೋನಟ್ ಲಿಮಿಟೆಡ್ ಎಂಬ ಕಂಪನಿ. ನಡೆದದ್ದು ಮಾತ್ರ ಪಾಲುದಾರಿಕೆಯ ರೀತಿಯಲ್ಲೇ. ಹಾರ್ಟನ್ ಅವರದು ಹೆಸರು, ಜಾಯ್ಸ್ ಅವರದು ದಿನದಿನದ ದುಡಿಮೆ. ಶಿಡ್ಲಘಟ್ಟದಲ್ಲಿ ಒಬ್ಬರ ಜಾಗ, ಇನ್ನೊಬ್ಬರ ಕೆಲಸ ಎಂದು ಸೇರಿ ರೇಷ್ಮೆ ನೂಲು ತೆಗೆಯುವವರನ್ನು ಕಂಡವರಿಗೆ ಈ ಏರ್ಪಾಡು ಹೊಸದಲ್ಲ. ಅಂಥ ಕಡೆ ಇಬ್ಬರೂ ಬದುಕಿರುವವರೆಗೆ ಯಾರ ಪಾಲಿಗೆ ಎಷ್ಟು ಬೆಲೆ ಎಂಬ ಮಾತೇ ಏಳುವುದಿಲ್ಲ.

1970ರಲ್ಲಿ ಮೇಪಲ್ ಲೀಫ್ಸ್ ಅವರನ್ನು ನ್ಯೂಯಾರ್ಕ್ ತಂಡಕ್ಕೆ ಬಿಟ್ಟುಕೊಟ್ಟಿತು. ಅಲ್ಲಿಂದ ಪಿಟ್ಸ್‌ಬರ್ಗ್, ಆಮೇಲೆ 1972ರಲ್ಲಿ ಬಫಲೋ ಸೇಬರ್ಸ್. ಬಫಲೋ ತಂಡ ನಡೆಸುತ್ತಿದ್ದವರು ಟೊರೊಂಟೊದಲ್ಲಿ ಅವರಿಗೆ ಕೋಚ್ ಆಗಿದ್ದ ಪಂಚ್ ಇಮ್ಲಾಕ್. ಎಳೆಯ ಆಟಗಾರರ ತಂಡಕ್ಕೆ ಅನುಭವಿ ಬೇಕಿತ್ತು. ಇನ್ನೊಂದು ವರ್ಷ ಆಡಲಿ ಎಂದು ಒಪ್ಪಂದದ ಭಾಗವಾಗಿ ಪ್ಯಾಂಟೆರಾ ಎಂಬ ಇಟಲಿಯ ರೇಸಿಂಗ್ ಮಾದರಿಯ ಕಾರು ಕೊಡಿಸಿದರು.

1974ರ ಫೆಬ್ರವರಿ 20ರ ರಾತ್ರಿ ಟೊರೊಂಟೊದಲ್ಲಿ ಹಳೆಯ ತಂಡದ ಎದುರೇ ಪಂದ್ಯ. ದವಡೆಯ ನೋವಿನಲ್ಲೇ ಆಡಿದರು. ಬಫಲೋ 4–2ರಿಂದ ಸೋತಿತು, ಆದರೂ ಆ ದಿನದ ಮೂವರು ಉತ್ತಮ ಆಟಗಾರರಲ್ಲಿ ಹಾರ್ಟನ್ ಒಬ್ಬರು. ತಂಡದ ಬಸ್ಸಿನಲ್ಲಿ ಹೋಗದೆ ತಮ್ಮ ಕಾರಿನಲ್ಲಿ ಒಬ್ಬರೇ ಹೊರಟರು. ದಾರಿಯಲ್ಲಿ ಓಕ್‌ವಿಲ್ ಊರಿನ ಕಂಪನಿ ಕಚೇರಿಯಲ್ಲಿ ಜಾಯ್ಸ್ ಅವರನ್ನು ಕಂಡು ಮಾತಾಡಿದರು. ಬೆಳಗಿನ ಜಾವ ಸೇಂಟ್ ಕ್ಯಾಥರೀನ್ಸ್ ಬಳಿ ಹೆದ್ದಾರಿಯಲ್ಲಿ ಅತಿವೇಗದಲ್ಲಿದ್ದ ಕಾರು ಉರುಳಿತು. ಸೀಟ್ ಬೆಲ್ಟ್ ಹಾಕಿರಲಿಲ್ಲ. ವಯಸ್ಸು 44. ಅವರು ಕುಡಿದಿದ್ದರು, ರಕ್ತದಲ್ಲಿ ಕಾನೂನಿನ ಮಿತಿಯ ಎರಡರಷ್ಟು ಮದ್ಯವಿತ್ತು ಎಂಬ ವರದಿ ಹೊರಬಂದದ್ದು ಮೂವತ್ತು ವರ್ಷಗಳ ಮೇಲೆ, 2005ರಲ್ಲಿ. ಇದನ್ನು ಬಿಟ್ಟು ಬರೆಯಬಹುದಿತ್ತು. ಆದರೆ 486 ಪಂದ್ಯ ತಪ್ಪಿಸದೆ ಆಡಿದವರೂ ಇವರೇ, ಆ ಸ್ಥಿತಿಯಲ್ಲಿ ಸ್ಟೇರಿಂಗ್ ಹಿಡಿದವರೂ ಇವರೇ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಸರಿಯಲ್ಲ.

ಆಡಿದ ವರ್ಷಗಳು 24. ಲೀಗ್ ಪಂದ್ಯಗಳು 1,446, ಗೋಲು 115. 1977ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿಸಿದರು.

ಈಗ ನಮ್ಮ ಪುಸ್ತಕದ ಅಧ್ಯಾಯ. ಹಾರ್ಟನ್ ಸತ್ತಾಗ ಅಂಗಡಿಗಳು ಸುಮಾರು 40. ಅರ್ಧ ಷೇರು ಲೋರಿ ಅವರ ಕೈಗೆ ಬಂತು. 1975ರಲ್ಲಿ ಅವರು ಅದನ್ನು ಜಾಯ್ಸ್ ಅವರಿಗೆ 10 ಲಕ್ಷ ಡಾಲರ್ ಮತ್ತು ಒಂದು ಕ್ಯಾಡಿಲಾಕ್ ಕಾರಿಗೆ ಮಾರಿದರು. ಅರ್ಧ ಎಂದರೆ 20 ಅಂಗಡಿ ಎಂದುಕೊಂಡರೆ ಒಂದಕ್ಕೆ 50,000 ಡಾಲರ್. ಅಂದಿನ ದಿನಕ್ಕೆ ಅದು ಸಣ್ಣ ಮೊತ್ತವೇನಲ್ಲ. ಆದರೆ 1991ರ ಹೊತ್ತಿಗೆ ಅಂಗಡಿಗಳು 500 ಆದವು, ಇವತ್ತು ಜಗತ್ತಿನಲ್ಲಿ 5,000ಕ್ಕೂ ಹೆಚ್ಚು. ಹೆಸರಿನ ಗುಡ್‌ವಿಲ್‌ಗೆ ಆ ದಿನ ಎಷ್ಟು ಬೆಲೆ ಕಟ್ಟಬೇಕಿತ್ತು? ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಎರಡು ಪಟ್ಟು ಎನ್ನುವ ನಮ್ಮ ಸೂತ್ರ ಇಲ್ಲಿ ಏನೂ ಹೇಳುವುದಿಲ್ಲ. ಬೆಳೆಸಿದವರು ಜಾಯ್ಸ್, ಅದರಲ್ಲಿ ಅನುಮಾನವಿಲ್ಲ. ಹಾರ್ಟನ್ ನೆನಪಿಗೆ ಮಕ್ಕಳ ಶಿಬಿರಗಳ ಪ್ರತಿಷ್ಠಾನವನ್ನೂ ಅವರೇ ಕಟ್ಟಿದರು. ಆದರೂ ಬೋರ್ಡಿನಲ್ಲಿದ್ದದ್ದು ಜಾಯ್ಸ್ ಹೆಸರಲ್ಲ.

ಗಂಡ ಸತ್ತ ದುಃಖದಲ್ಲಿ, ಔಷಧಗಳ ಚಟದಲ್ಲಿದ್ದಾಗ ತಾನು ಮಾರಾಟಕ್ಕೆ ಒಪ್ಪಿದ್ದು, ಆಗ ಬುದ್ಧಿ ಹಿಡಿತದಲ್ಲಿರಲಿಲ್ಲ ಎಂದು ಲೋರಿ ಮುಂದೆ ಕೋರ್ಟಿಗೆ ಹೋದರು. 1993ರಲ್ಲಿ ಸೋತರು, 1995ರಲ್ಲಿ ಮೇಲ್ಮನವಿಯಲ್ಲೂ ಸೋತರು. 2000ದಲ್ಲಿ ತೀರಿಕೊಂಡರು. ಕಾಗದಪತ್ರ ನೋಡಿದರೆ ಕೋರ್ಟು ಹೇಳಿದ್ದು ಸರಿಯಿರಬಹುದು. ಮನಸ್ಸು ಮಾತ್ರ ಲೋರಿಯ ಕಡೆಗೇ ವಾಲುತ್ತದೆ.

ಇಷ್ಟರ ನಡುವೆ ಹಾರ್ಟನ್ ಅವರ ಹಿರಿಯ ಮಗಳು ಜೆರಿ ಮದುವೆಯಾದದ್ದು ಜಾಯ್ಸ್ ಅವರ ಮಗನನ್ನು. ಗಂಡ ಹೆಂಡತಿ ಇಬ್ಬರೂ ಒಂಟಾರಿಯೊದಲ್ಲೇ ಟಿಮ್ ಹಾರ್ಟನ್ಸ್ ಅಂಗಡಿಗಳನ್ನು ನಡೆಸಿದರು, ಉಳಿದವರಂತೆ ಫ್ರಾಂಚೈಸಿಗಳಾಗಿ.