ಮಹಾರಾಜರ ಲಕ್ವಾಕ್ಕೆ ವ್ಯಾಯಾಮದ ಮದ್ದು: ಕೆ.ವಿ. ಅಯ್ಯರ್ ಬದುಕು ನಮಗೇನು ಹೇಳ್ತದ?

ಬೀದರ: ಲಕ್ವಾ ಹೊಡೆದವರಿಗೆ, ಕಾಲು ಮುರಿದು ಪ್ಲಾಸ್ಟರ್ ಬಿಚ್ಚಿದವರಿಗೆ ಇವತ್ತು ಡಾಕ್ಟರು ಫಿಸಿಯೋಥೆರಪಿ ಮಾಡಿಸಲು ಚೀಟಿ ಬರೆದು ಕೊಡ್ತಾರ. ನಮ್ಮ ದೇಶದಲ್ಲಿ ಈ ವಿದ್ಯೆ ಕಲಿಸುವ ಶಾಲೆ ಶುರುವಾಗಿದ್ದು ಪೋಲಿಯೊ ಹಾವಳಿಯ ನಂತರ, 1950ರ ದಶಕದ ಆರಂಭದಲ್ಲಿ, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ. ಅದಕ್ಕೂ ಮೊದಲೇ, ಅಂಥ ಯಾವ ಪದವಿಯೂ ಇಲ್ಲದೆ, ವ್ಯಾಯಾಮವನ್ನೇ ಚಿಕಿತ್ಸೆಯಾಗಿ ಬಳಸಿದ ಕನ್ನಡಿಗರೊಬ್ಬರಿದ್ದರು. ಅವರೇ ಕೆ.ವಿ. ಅಯ್ಯರ್.

ಕಾದಂಬರಿ ಓದುವ ಮಂದಿಗೆ ಅಯ್ಯರ್ ಹೆಸರು ಹೊಸದಲ್ಲ. ಹೊಯ್ಸಳ ರಾಣಿಯ ಕುರಿತ 'ಶಾಂತಲಾ', ಅದರ ಜೊತೆಗೆ 'ರೂಪದರ್ಶಿ' ಬರೆದವರು ಇವರೇ. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರು. ಆದರೆ ಹೊಟ್ಟೆಪಾಡಿನ ಕಸುಬು, ಜೀವಮಾನದ ಹಂಬಲ ಎರಡೂ ಅಂಗಸಾಧನೆಯೇ ಆಗಿತ್ತು.

ಕೋಲಾರ ವೆಂಕಟೇಶ ಅಯ್ಯರ್ ಹುಟ್ಟಿದ್ದು 1897ರಲ್ಲಿ, ಕೋಲಾರ ಸೀಮೆಯಲ್ಲಿ. 1922ರಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ತೆರೆದರು. ಗರಡಿ ಮನೆ ಅಂದರೆ ಕುಸ್ತಿ ಪೈಲ್ವಾನರ ಜಾಗ ಎಂದೇ ತಿಳಿದಿದ್ದ ಕಾಲವದು. ಅಯ್ಯರ್ ಅಲ್ಲಿ ಕಬ್ಬಿಣದ ಭಾರ ಎತ್ತುವುದನ್ನೂ ಯೋಗಾಸನ, ಸೂರ್ಯನಮಸ್ಕಾರಗಳನ್ನೂ ಒಟ್ಟಿಗೆ ಕಲಿಸಿದರು. ತೋಳು, ಎದೆ ಉಬ್ಬಿದರಷ್ಟೇ ಸಾಲದು, ಒಳಗಿನ ಅಂಗಗಳೂ ಗಟ್ಟಿಯಾಗಿರಬೇಕು ಅನ್ನುವುದು ಅವರ ನಂಬಿಕೆ. ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ದೂರದೂರಿನವರಿಗೆ ಅಂಚೆಯ ಮೂಲಕವೂ ಪಾಠ ಕಳಿಸಿದರು.

ಅವರ ಬದುಕಿನ ದೊಡ್ಡ ಪರೀಕ್ಷೆ ಅರಮನೆಯಿಂದ ಬಂತು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಪಾರ್ಶ್ವವಾಯುವಿಗೆ ತುತ್ತಾದರು. ನಮ್ಮ ಕಡೆ ಲಕ್ವಾ ಅನ್ನೋದು ಇದಕ್ಕೇ. ಮಹಾರಾಜರು ಚೇತರಿಸಿಕೊಳ್ಳಲು ನೆರವಾದವರು ಅಯ್ಯರ್. ಆ ಉಪಕಾರಕ್ಕೆ ಮಹಾರಾಜರು ಹಣ ಕೊಟ್ಟರು. ಅದರಿಂದ 1940ರಲ್ಲಿ ಬೆಂಗಳೂರಿನ ಈಗಿನ ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆಯ ಕಟ್ಟಡ ಎದ್ದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮಹಾರಾಜರು ತೀರಿಕೊಂಡರು. ಅಯ್ಯರ್ ಮುಂದೆ ಸುಮಾರು 40 ವರ್ಷ ಬದುಕಿದ್ದು, 1980ರ ಜನವರಿಯಲ್ಲಿ ಕಣ್ಮುಚ್ಚಿದರು.

ಈ ಕತೆ ಬೀದರ ಜಿಲ್ಲೆಯ ಮಂದಿಗೆ ಯಾಕ ಬೇಕು? ಅರಸರಿಗೆ ಕಲಿಸುವವರು ಅರಮನೆಗೇ ಬಂದರು. ಔರಾದ, ಭಾಲ್ಕಿ ಕಡೆಯ ಹಳ್ಳಿಯಲ್ಲಿ ಲಕ್ವಾ ಹೊಡೆದ ರೈತನಿಗೆ ಹಾಗಾಗುವುದಿಲ್ಲ. ಅವನನ್ನು ಒಬ್ಬರು ಹಿಡಿದುಕೊಂಡು ಬಸ್ ಹತ್ತಿಸಬೇಕು. ಒಂದು ಸಲ ಪಟ್ಟಣಕ್ಕೆ ಹೋಗಿ ಬಂದರೆ ಆ ದಿನದ ಕೂಲಿ ಹೋಯಿತು. ಎರಡು ಮೂರು ಸಲ ಹೋಗಿ, ಗುಣ ಕಾಣಲಿಲ್ಲ ಅಂತ ಮಂದಿ ಬಿಟ್ಟುಬಿಡ್ತಾರ. ಆಮೇಲೆ ಎಣ್ಣೆ ತಿಕ್ಕುವುದೊಂದೇ ಉಳಿಯುತ್ತದೆ.

ಎಣ್ಣೆ ತಿಕ್ಕಿದರೆ ಹಿತ ಅನಿಸಬಹುದು. ಆದರೆ ಕೈ ಮತ್ತೆ ಎತ್ತುವುದನ್ನು, ಕಾಲು ಊರುವುದನ್ನು ಮಿದುಳು ಹೊಸದಾಗಿ ಕಲಿಯಬೇಕು. ಒಂದೇ ಚಲನೆಯನ್ನು ದಿನಾ ಮತ್ತೆ ಮತ್ತೆ ಮಾಡಿದರೇ ಆ ಕಲಿಕೆ. ಮಲಗಿಸಿಯೇ ಇಟ್ಟರೆ ಕೀಲು ಬಿಗಿಯುತ್ತದೆ, ಭುಜ ನೋಯುತ್ತದೆ, ಬೆನ್ನಿಗೆ ಹುಣ್ಣಾಗುತ್ತದೆ. ದುಡಿಯುವ ಒಬ್ಬರು ಹಾಸಿಗೆ ಹಿಡಿದರೆ, ನೋಡಿಕೊಳ್ಳಲು ಇನ್ನೊಬ್ಬರ ದುಡಿಮೆಯೂ ನಿಲ್ಲುತ್ತದೆ. ಹಾಗಾಗಿ ಫಿಸಿಯೋಥೆರಪಿಸ್ಟ್ ಒಬ್ಬರ ಕೆಲಸ ಇಡೀ ಮನೆಯನ್ನು ಉಳಿಸುವ ಕೆಲಸ. 2021ರ ಕೇಂದ್ರ ಕಾಯ್ದೆ ಈ ವೃತ್ತಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಇನ್ನು ಆ ಸೇವೆ ಹಳ್ಳಿಯ ಹತ್ತಿರಕ್ಕೆ ಬರಬೇಕು.

ಓದುಗರು ಇಷ್ಟು ನೆನಪಿಡ್ರಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆ ಸೇರಬೇಕು. ವ್ಯಾಯಾಮ ಆಮೇಲಿನ ಮಾತು, ಅದೂ ಡಾಕ್ಟರು ನೋಡಿದ ಮೇಲೆಯೇ. ಡಿಸ್ಚಾರ್ಜ್ ಆಗುವ ದಿನ, ಮನೆಯಲ್ಲಿ ಯಾವ ವ್ಯಾಯಾಮ, ದಿನಕ್ಕೆ ಎಷ್ಟು ಸಲ, ಯಾವುದನ್ನು ಮಾಡಬಾರದು ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ, ಮನೆಯವರೊಬ್ಬರು ಮಾಡಿ ತೋರಿಸಿ, ಸರಿ ಇದೆಯೋ ಇಲ್ಲವೋ ಖಾತ್ರಿ ಮಾಡಿಕೊಂಡೇ ಊರಿಗೆ ಬರ್ರಿ.